ತಾರಸಿಗೆ ತಗಡು, ಸಿಮೆಂಟಿಗೆ ಇಂಗಾಲದ ಎಳೆ

ತೀರ್ಥಹಳ್ಳಿ, ಹೊಸನಗರದ ಕಡೆ ಆರ್‌ಸಿಸಿ ತಾರಸಿಯ ಮೇಲೆ ಮತ್ತೆ ತಗಡಿನ ಮಾಡು ಹೊದಿಸಿದ ಮನೆಗಳು ಎಷ್ಟೋ ಕಾಣುತ್ತವೆ. ಹೊರಗಿನವರಿಗೆ ಇದು ತಮಾಷೆ ಎನಿಸಬಹುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಆಸುಪಾಸಿನ ಗಾರೆಯವರಿಗೆ ಮಾತ್ರ ಕಾಂಕ್ರೀಟಿನ ಹುಳುಕು ಚೆನ್ನಾಗಿ ಗೊತ್ತು. ಆ ಹುಳುಕಿಗೆ ಮದ್ದೆಂದು ಕಾರ್ಬನ್ ನ್ಯಾನೊಫೈಬರ್ ಎಂಬ ಇಂಗಾಲದ ಅತಿ ಸಣ್ಣ ಎಳೆಯನ್ನು ಸಿಮೆಂಟಿಗೆ ಬೆರೆಸಿ ನೋಡುತ್ತಿದ್ದಾರೆ.

ಒತ್ತಿದರೆ ಕಾಂಕ್ರೀಟ್ ಜಗ್ಗದು, ಎಳೆದರೆ ಬಿರಿಯುತ್ತದೆ. ಎಳೆತ ತಾಳುವ ಬಲ, ಒತ್ತಡ ತಾಳುವ ಬಲದ ಹತ್ತನೇ ಒಂದು ಪಾಲಿನಷ್ಟೇ. 1867ರಲ್ಲಿ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ ಹೂಕುಂಡದ ಸಿಮೆಂಟಿನೊಳಗೆ ಕಬ್ಬಿಣದ ಜಾಲರಿ ಇಟ್ಟು ಪೇಟೆಂಟ್ ಪಡೆದ. ಕಬ್ಬಿಣದ ಜೊತೆ ತುಕ್ಕೂ ಬಂತು. ಬಿರುಕಿನಲ್ಲಿ ಇಳಿದ ನೀರು ಸರಳನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಸಜ್ಜದ ಅಡಿಭಾಗ ಚಕ್ಕೆಚಕ್ಕೆಯಾಗಿ ಉದುರಿ ಕೆಂಪು ಸರಳು ಹೊರಗಿಣುಕುತ್ತದೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯದ ನೀರಿನಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಮಾತ್ರ ಬೇಸಿಗೆಯಲ್ಲಿ ಇಂದಿಗೂ ಗಟ್ಟಿಮುಟ್ಟಾಗಿ ಮೇಲೇಳುತ್ತದೆ. ಅದು ಕಲ್ಲು, ಸುರ್ಕಿ (ಸುಣ್ಣ, ಇಟ್ಟಿಗೆ ಪುಡಿ) ಗಾರೆಯ ಕಟ್ಟು. ತನ್ನ ಭಾರವನ್ನು ನಂಬಿದೆ, ಸರಳನ್ನಲ್ಲ.

ಸಿಮೆಂಟಿಗೇ ಎಳೆ ಬೆರೆಸುವ ಯೋಚನೆ ಬಲಿತದ್ದು ಕಳೆದ ಶತಮಾನದಲ್ಲಿ. ಉಕ್ಕಿನ ತುಣುಕು, ಗಾಜಿನ ಎಳೆ, ಕಾರ್ಬನ್ ಫೈಬರ್ ಎಲ್ಲವೂ ಬಂದವು. ಆದರೆ ಬಿರುಕು ಹುಟ್ಟುವುದು ಇವುಗಳ ಅಳತೆಗೆ ಸಿಗದಷ್ಟು ಸಣ್ಣದಾಗಿ. ಕಾರ್ಬನ್ ನ್ಯಾನೊಫೈಬರಿನ ದಪ್ಪ ಸುಮಾರು 50ರಿಂದ 200 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು). ಅದು ಅಲ್ಲಿಗೂ ನುಸುಳಬಲ್ಲದು. ಅನಿಲದಿಂದ ಇಂಗಾಲದ ಎಳೆ ಬೆಳೆಸುವ ವಿಧಾನಕ್ಕೆ 1889ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. 1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಇಜಿಮಾ ಇಂಗಾಲದ ಸೂಕ್ಷ್ಮ ಕೊಳವೆಯಾದ ನ್ಯಾನೊಟ್ಯೂಬ್ ಬಗ್ಗೆ ಬರೆದ ಮೇಲೆ ಸಿಮೆಂಟಿನವರ ಕಣ್ಣೂ ಈ ಕಡೆ ಹೊರಳಿತು.

ತೊಡಕು ಇರುವುದು ಕಲಸುವುದರಲ್ಲಿ. ಈ ಎಳೆಗಳಿಗೂ ನೀರಿಗೂ ಆಗಿಬರುವುದಿಲ್ಲ. ಕುದಿನೀರಿಗೆ ಅವಸರದಲ್ಲಿ ಸುರಿದ ಅಕ್ಕಿಹಿಟ್ಟಿನಂತೆ ಗಂಟು ಕಟ್ಟಿಕೊಳ್ಳುತ್ತವೆ. ಗಂಟಿದ್ದಲ್ಲಿ ಬಲ ಹೆಚ್ಚುವ ಬದಲು ಇನ್ನೊಂದು ಬಿರುಕಿಗೆ ಜಾಗವಾಗುತ್ತದೆ. ಹಾಗಾಗಿ ಪ್ರಯೋಗಾಲಯದಲ್ಲಿ ಶ್ರವಣಾತೀತ ತರಂಗ ಹಾಯಿಸುತ್ತಾರೆ, ಕಲಸನ್ನು ಸಡಿಲಗೊಳಿಸುವ ಸೂಪರ್‌ಪ್ಲಾಸ್ಟಿಸೈಜರ್, ಸಿಲಿಕಾ ಫ್ಯೂಮ್ ಎಂಬ ನವಿರು ಪುಡಿ ಸೇರಿಸುತ್ತಾರೆ. ಸರಿಯಾಗಿ ಹರಡಿದರೆ ಸಿಮೆಂಟಿನ ತೂಕದ ಶೇ 0.1ರಷ್ಟು, ಅಂದರೆ 50 ಕೆ.ಜಿ. ಚೀಲಕ್ಕೆ 50 ಗ್ರಾಂ ಎಳೆಯೇ ಪರಿಣಾಮ ತೋರಬಲ್ಲದು. ನೀರನ್ನು ಕಣ್ಣಳತೆಯಲ್ಲಿ ಸುರಿಯುವ ನಮ್ಮ ಕಡೆಯ ಕೆಲಸಗಳಲ್ಲಿ ಇದು ಆಗುವ ಮಾತಲ್ಲ. ಮನೆಗೆ ಸದ್ಯ ತಗಡೇ ಸರಿ.

ನನಗೆ ಆಸೆ ಹುಟ್ಟಿಸುವುದು ಇದರ ಇನ್ನೊಂದು ಗುಣ. ಇಂಗಾಲದ ಎಳೆ ವಿದ್ಯುತ್ ಹರಿಸುತ್ತದೆ. ಭಾರ ಬಿದ್ದಾಗ, ಬಿರುಕು ಬಾಯ್ದೆರೆದಾಗ ಕಾಂಕ್ರೀಟಿನ ವಿದ್ಯುತ್ ರೋಧ ಬದಲಾಗುತ್ತದೆ. ಕಾರ್ಬನ್ ಫೈಬರ್ ಬೆರೆಸಿದ ಕಾಂಕ್ರೀಟಿನಲ್ಲಿ ಇದನ್ನು 1990ರ ದಶಕದಲ್ಲೇ ಅಮೆರಿಕದ ಸಂಶೋಧಕಿ ಡೆಬೊರಾ ಚುಂಗ್ ತೋರಿಸಿದ್ದರು. 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆಯಂಥ ಕಡೆ, ಹಿನ್ನೀರಿನ ನಡುವಿನ ಕಂಬವೇ ತನ್ನ ನೋವು ಹೇಳುವಂತಿದ್ದರೆ ಈ ದುಬಾರಿ ಎಳೆಗೆ ಸುರಿದ ಹಣಕ್ಕೆ ಅರ್ಥವಿದೆ. ಆದರೆ ತೇವವೂ ಆ ರೋಧವನ್ನು ಏರುಪೇರು ಮಾಡುತ್ತದೆ. ನಾಲ್ಕು ತಿಂಗಳು ನೆನೆದ ಕಂಬದಲ್ಲಿ ಮಳೆಯ ಸುದ್ದಿ ಯಾವುದು, ಬಿರುಕಿನ ಸುದ್ದಿ ಯಾವುದು ಎಂದು ಬೇರ್ಪಡಿಸುವುದೇ ಇಲ್ಲಿನ ಎಂಜಿನಿಯರುಗಳ ಮುಂದಿರುವ ಕೆಲಸ.