ಮೂರು ದಿನ, ಮೂರು ಬಗೆಯ ನೆಲ: ಕಾರ್ಸಿಕಾದಲ್ಲಿ ಟೂರ್ ದ ಫ್ರಾನ್ಸ್

1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಕಾರ್ಸಿಕಾ ದ್ವೀಪಕ್ಕೆ ಕಾಲಿಟ್ಟದ್ದು 2013ರಲ್ಲಿ, ತನ್ನ ನೂರನೆಯ ಆವೃತ್ತಿಗೆ. ಯುರೋಪಿನಲ್ಲಿರುವ ಫ್ರಾನ್ಸಿನೊಳಗೆ ಅದು ಅಲ್ಲಿಯವರೆಗೆ ಮುಟ್ಟದೆ ಬಿಟ್ಟಿದ್ದ ಪ್ರಾಂತ್ಯ ಇದೊಂದೇ. ಜೂನ್ 29ರಿಂದ ಮೂರು ದಿನ ಮೂರು ಹಂತ ನಡೆದವು; ಗೆದ್ದವರು ಮೂರು ಬಗೆಯ ಸವಾರರು. ಹಾಗಾದದ್ದು ಏಕೆಂದು ತಿಳಿಯಲು ಮೊದಲು ದ್ವೀಪದ ಕಲ್ಲು ನೋಡಬೇಕು.

ಕಾರ್ಸಿಕಾದ ಉದ್ದ 183 ಕಿ.ಮೀ., ಅಗಲ 83 ಕಿ.ಮೀ. ಅಷ್ಟರಲ್ಲೇ 2,706 ಮೀಟರ್ ಎತ್ತರದ ಮೋಂತೆ ಚಿಂತೊ ಶಿಖರವಿದೆ. ಪಶ್ಚಿಮ ಮತ್ತು ನಡುಭಾಗವೆಲ್ಲ ಹಳೆಯ ಗಟ್ಟಿ ಗ್ರಾನೈಟ್. ಅದು ಸಮುದ್ರದ ಅಂಚಿನವರೆಗೂ ಬಂದು ಕಡಿದಾಗಿ ನಿಲ್ಲುತ್ತದೆ. ಪೂರ್ವ ಕರಾವಳಿಯಲ್ಲಿ ಮಾತ್ರ ಬೆಟ್ಟದ ನದಿಗಳು ಹೊತ್ತು ತಂದ ಮೆಕ್ಕಲು ಹರಡಿ ಉದ್ದನೆಯ ಬಯಲಾಗಿದೆ.

ಮೊದಲ ಹಂತ, ಪೋರ್ಟೊ-ವೆಕ್ಕಿಯೊದಿಂದ ಬಾಸ್ಟಿಯಾವರೆಗಿನ 213 ಕಿ.ಮೀ., ಬಹುಪಾಲು ಈ ಬಯಲಿನ ಮೇಲೆಯೇ ಸಾಗಿತು. ಸಪಾಟು ರಸ್ತೆಯಲ್ಲಿ ಸವಾರನ ಮುಖ್ಯ ಶತ್ರು ಗಾಳಿ. ಗಂಟೆಗೆ 45 ಕಿ.ಮೀ. ವೇಗದಲ್ಲಿ ಒಬ್ಬನೇ ಹೋಗುವವನು ಗಾಳಿಯನ್ನು ಸೀಳಲಿಕ್ಕೇ ಸುಮಾರು 375 ವಾಟ್ ಸುರಿಯಬೇಕು. ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಈ ಹೊರೆ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ, ದೊಡ್ಡ ಗುಂಪಿನ ಒಡಲಲ್ಲಿ ಇನ್ನೂ ಹೆಚ್ಚು. ಹೀಗಾಗಿ ಇಂಥ ನೆಲದಲ್ಲಿ ಭಾರೀ ಮೈಕಟ್ಟಿನ ಸ್ಪ್ರಿಂಟರ್, ಅಂದರೆ ಮುಕ್ತಾಯದ ಹತ್ತಿರ ಒಮ್ಮೆಲೇ ವೇಗ ಎತ್ತಬಲ್ಲ ಸವಾರ, ಕೊನೆಯ ಇನ್ನೂರು ಮೀಟರಿನವರೆಗೂ ಶಕ್ತಿ ಉಳಿಸಿಕೊಳ್ಳಬಲ್ಲ. ಗೆದ್ದವನು ಜರ್ಮನಿಯ ಮಾರ್ಸೆಲ್ ಕಿಟೆಲ್.

ಆ ದಿನವೆಂದರೆ ಎಲ್ಲರಿಗೂ ನೆನಪಾಗುವುದು ಬಸ್ಸು. ಒರಿಕಾ-ಗ್ರೀನ್‌ಎಡ್ಜ್ ತಂಡದ ಬಸ್ಸು ಮುಕ್ತಾಯದ ಗೆರೆಯ ಮೇಲಿನ ಕಮಾನಿಗೆ ಸಿಕ್ಕಿಕೊಂಡಿತು. ಅಧಿಕಾರಿಗಳು ಗೆರೆಯನ್ನು 3 ಕಿ.ಮೀ. ಹಿಂದಕ್ಕೆ ಸರಿಸಿದರು. ಟೈರುಗಳ ಗಾಳಿ ಇಳಿಸಿ ಬಸ್ಸನ್ನು ತಗ್ಗಿಸಿ ಹೊರಗೆಳೆದ ಮೇಲೆ ಮತ್ತೆ ಹಳೆಯ ಜಾಗವೇ ಗೆರೆಯಾಯಿತು. ರೇಸು ಕೊನೆಯ ಕಿಲೋಮೀಟರುಗಳಲ್ಲಿ ಹಾರುತ್ತಿದ್ದಾಗಲೇ ಇಷ್ಟೆಲ್ಲ ನಡೆದದ್ದು. ಆ ಗೊಂದಲದ ನಡುವೆಯೇ ಗುಂಪಿನಲ್ಲಿ ಹಲವರು ಒಟ್ಟಿಗೇ ಬಿದ್ದರು. ಕೊನೆಗೆ ಎಲ್ಲ 198 ಸವಾರರಿಗೂ ಒಂದೇ ಸಮಯ ಕೊಟ್ಟರು.

ನನ್ನ ಮಟ್ಟಿಗೆ ಹೆಚ್ಚು ಹೇಳಿಕೊಡುವುದು ಎರಡನೆಯ ದಿನ. ಬಾಸ್ಟಿಯಾದಿಂದ ಅಜಾಕ್ಸಿಯೊಗೆ 156 ಕಿ.ಮೀ.; ನಡುವೆ ದ್ವೀಪದ ಬೆನ್ನೆಲುಬನ್ನು ದಾಟಿಸುವ 1,163 ಮೀಟರ್ ಎತ್ತರದ ವಿಝವೋನಾ ಘಾಟಿ. ಏರಿನಲ್ಲಿ ವೇಗ 18 ಕಿ.ಮೀ.ಗೆ ಇಳಿದರೆ ಗಾಳಿ ಕೇಳುವುದು ಬರೀ 24 ವಾಟ್, ಬೆನ್ನಿಗೆ ಅಂಟಿಕೊಂಡು ಉಳಿಸಲು ಹೆಚ್ಚೇನೂ ಇಲ್ಲ. ಲೆಕ್ಕಕ್ಕೆ ಬರುವುದು ತೂಕ. ನೂರು ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ, ಇದೇ ವೇಗಕ್ಕೆ, ಸೈಕಲ್ಲೂ ಸೇರಿ 70 ಕೆ.ಜಿ. ಇರುವವನಿಗೆ ಗುರುತ್ವದ ವಿರುದ್ಧ ಸುಮಾರು 206 ವಾಟ್ ಬೇಕು, 90 ಕೆ.ಜಿ.ಯವನಿಗೆ 265. ಆ 59 ವಾಟ್ ಸಾಲವನ್ನು ಇಡೀ ಘಾಟಿಯುದ್ದಕ್ಕೂ ತೀರಿಸಬೇಕು. ಹಿಂದಿನ ದಿನದ ವಿಜೇತ ಈ ಹಂತದಲ್ಲಿ ಹಿಂದೆ ಬಿದ್ದ.

ಬೆಲ್ಜಿಯಂನ ಯಾನ್ ಬಾಕೆಲಾಂಟ್ಸ್ ಕೊನೆಯಲ್ಲಿ ಒಬ್ಬನೇ ಜಿಗಿದು 1 ಸೆಕೆಂಡಿನಿಂದ ಗೆದ್ದ. ಆ ವರ್ಷ ಹಂತ ಗೆದ್ದವರಿಗೆ ಒಟ್ಟು ಸಮಯದಿಂದ ಕಳೆಯುವ ಬೋನಸ್ ಸೆಕೆಂಡುಗಳಿರಲಿಲ್ಲ, ಹಿಂದಿನ ದಿನ ಎಲ್ಲರಿಗೂ ಒಂದೇ ಸಮಯ. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವನು ತೊಡುವ ಹಳದಿ ಜೆರ್ಸಿಗೆ ಆ ಒಂದು ಸೆಕೆಂಡೇ ಸಾಕಾಯಿತು.

ಮೂರನೆಯ ದಿನ ಅಜಾಕ್ಸಿಯೊದಿಂದ ಕಾಲ್ವಿಗೆ 145.5 ಕಿ.ಮೀ. ಪಿಯಾನಾದ ಕೆಂಪು ಗ್ರಾನೈಟನ್ನು ಕೊರೆದು ಮಾಡಿದ ದಾರಿಯಲ್ಲಿ ತಿರುವಿನ ಮೇಲೆ ತಿರುವು. ಇಂಥ ರಸ್ತೆ ಗುಂಪಿನ ಬಾಲದಲ್ಲಿರುವವರನ್ನು ಹಿಂಡುತ್ತದೆ. ಮುಂದಿರುವವನು ತನಗೆ ಬೇಕಾದ ಗೆರೆ ಹಿಡಿದು ಸಲೀಸಾಗಿ ತಿರುಗುತ್ತಾನೆ. ಹಿಂದಿನವನು ಬ್ರೇಕ್ ಹಾಕಿ 25 ಕಿ.ಮೀ.ಗೆ ಇಳಿದು, ಮತ್ತೆ 45ಕ್ಕೆ ಏರಬೇಕು. ಸೈಕಲ್ಲೂ ಸೇರಿ 80 ಕೆ.ಜಿ. ಎಂದಿಟ್ಟುಕೊಂಡರೆ ಅದಕ್ಕೆ ಸುಮಾರು 4,300 ಜೂಲ್. ಎಂಟು ಸೆಕೆಂಡಿನಲ್ಲಿ ಮುಗಿಸಬೇಕೆಂದರೆ, ಗಾಳಿಯ ಹೊರೆಯ ಜೊತೆಗೆ ಇನ್ನೂ 540 ವಾಟ್. ಒಂದು ತಿರುವಿಗೆ ಇದೇನೂ ದೊಡ್ಡದಲ್ಲ, ನೂರು ತಿರುವಿಗೆ ಕಾಲು ಖಾಲಿ. ಅದಕ್ಕೇ ಇಲ್ಲಿ ಗುಂಪಿನ ಮುಂಭಾಗದ ಜಾಗಕ್ಕಾಗಿ ಅಷ್ಟೊಂದು ಹಣಾಹಣಿ. ಮುಕ್ತಾಯಕ್ಕೆ ಮುನ್ನ 443 ಮೀಟರ್ ಎತ್ತರದ ಮಾರ್ಸೊಲಿನೊ ಏರು ಬೇರೆ. ಬೆಟ್ಟವನ್ನೂ ತಾಳಿ ಸ್ಪ್ರಿಂಟನ್ನೂ ಮಾಡಬಲ್ಲ ಇಬ್ಬರು, ಸೈಮನ್ ಗೆರಾನ್ಸ್ ಮತ್ತು ಪೀಟರ್ ಸಗಾನ್, ಒಟ್ಟಿಗೇ ಗೆರೆ ಮುಟ್ಟಿದರು. ಗೆರಾನ್ಸ್ ಗೆದ್ದನೆಂದು ಫೋಟೊ ಹೇಳಿತು. ಆ ಕ್ಯಾಮೆರಾ ಗೆರೆಯ ಮೇಲಿನ ಒಂದು ಸಣ್ಣ ಸೀಳನ್ನಷ್ಟೇ ಸೆಕೆಂಡಿಗೆ ಸಾವಿರಾರು ಸಲ ಹಿಡಿದು ಪಕ್ಕಪಕ್ಕಕ್ಕೆ ಜೋಡಿಸುತ್ತದೆ. 60 ಕಿ.ಮೀ. ವೇಗದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗವೆಂದರೆ 17 ಮಿಲಿಮೀಟರು.

ಮಾರನೆಯ ದಿನವೇ ನೀಸ್‌ನಲ್ಲಿ 25 ಕಿ.ಮೀ. ತಂಡದ ಟೈಮ್ ಟ್ರಯಲ್, ಅಂದರೆ ತಂಡಗಳು ಒಂದೊಂದಾಗಿ ಹೊರಟು ಗಡಿಯಾರದ ವಿರುದ್ಧ ಓಡುವ ಹಂತ. ಅಲ್ಲಿಗೆ ಸುಮಾರು 175 ಕಿ.ಮೀ. ಸಮುದ್ರ, ಸವಾರರು ವಿಮಾನದಲ್ಲಿ, ವಾಹನಗಳು ಹಡಗಿನಲ್ಲಿ ಹೋದವು. ಕೋಟ್ಯಂತರ ವರ್ಷಗಳ ಹಿಂದೆ ಈ ಸಮುದ್ರ ಇರಲಿಲ್ಲ. ಕಾರ್ಸಿಕಾ ಆಗ ದಕ್ಷಿಣ ಫ್ರಾನ್ಸಿಗೆ ಅಂಟಿಕೊಂಡಿತ್ತು. ಸುಮಾರು 3 ಕೋಟಿ ವರ್ಷಗಳ ಹಿಂದೆ ನೆಲ ಬಿರಿಯತೊಡಗಿ, ಆಮೇಲೆ ದ್ವೀಪ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತ ಈಗಿನ ಜಾಗಕ್ಕೆ ಬಂತು. ಪಿಯಾನಾದ ಕಡೆಯ ಕೆಂಪು ಬಂಡೆಗಳ ಸೋದರ ಬಂಡೆಗಳು ಇಂದಿಗೂ ನೀಸ್‌ನ ಪಶ್ಚಿಮಕ್ಕಿರುವ ಎಸ್ತೆರೆಲ್ ಬೆಟ್ಟಗಳಲ್ಲಿವೆ.