ಎಳೆ ಎಣಿಸುವ ಮೌಸ್

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಯಾತ ಕಂಪ್ಯೂಟರ್ ಮೌಸ್‌ನ ಮೂರು ಡಬ್ಬಿಗಳನ್ನು ಸಾಲಾಗಿ ಇಟ್ಟು, ಬೆಲೆಗಿಂತ ಮೊದಲು ಡಿಪಿಐ ಎಂಬ ಸೂಕ್ಷ್ಮತೆಯ ಅಂಕಿ ಹೇಳಿದ: 6,400, 12,000, 25,600. ಅಣ್ಣನ ಮಗನ ಕಣ್ಣು ಮೂರನೆಯದರ ಮೇಲೆ ಹೋಗಿ ಕೂತಿತು. ಎಂಜಿನಿಯರಿಂಗ್ ಓದುವ ಹುಡುಗ. ರಾತ್ರಿಯಾದರೆ ಗೆಳೆಯರೊಂದಿಗೆ ಗುಂಡು ಹಾರಿಸುವ ಆಟ. "ಕಾಕಾ, ಹಳೆಯ ಮೌಸ್ ನಡುನಡುವೆ ಜಿಗಿಯುತ್ತದೆ, ಗುರಿ ತಪ್ಪುತ್ತದೆ" ಎಂದು ಒಂದು ತಿಂಗಳಿನಿಂದ ನನ್ನ ತಲೆ ತಿಂದಿದ್ದ. ಡಿಪಿಐ ಹೆಚ್ಚಿದಷ್ಟೂ ಗುರಿ ನಿಖರ ಎಂದು ಅವನು ನಂಬಿದ್ದ. ಅಂಗಡಿಯಾತನಂತೂ ಪ್ರಮಾಣ ಮಾಡಲು ಸಿದ್ಧನಿದ್ದ. ನನಗೆ ಮಾತ್ರ ಅವ್ವನ ಕಸೂತಿ ನೆನಪಾಯಿತು.

ನಮ್ಮ ಧಾರವಾಡದ ಕಡೆ ಕಸೂತಿ ಹಾಕುವವರು ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನೇ ಎಣಿಸುತ್ತ ಸೂಜಿ ಓಡಿಸುತ್ತಾರೆ: ಇಷ್ಟು ಎಳೆ ಮೇಲಕ್ಕೆ, ಇಷ್ಟು ಎಳೆ ಬಲಕ್ಕೆ. ಗೋಪುರ, ತೇರು, ಆನೆ ಎಲ್ಲವೂ ಆ ಎಣಿಕೆಯಿಂದಲೇ ಏಳುತ್ತವೆ. ಒಂದು ಎಳೆ ತಪ್ಪಿದರೆ ತೇರು ವಾಲುತ್ತದೆ. ಮೌಸ್ ಕೂಡ ಹೀಗೆಯೇ. ತಾನು ಮೇಜಿನ ಯಾವ ಮೂಲೆಯಲ್ಲಿದ್ದೇನೆ ಎಂಬುದು ಅದಕ್ಕೆ ತಿಳಿಯದು. ಇದ್ದಲ್ಲಿಂದ ಎಷ್ಟು ಎಣಿಕೆ ಸರಿದೆ ಎಂಬುದಷ್ಟೇ ಗೊತ್ತು.

ಅಮೆರಿಕದ ಡಗ್ಲಸ್ ಎಂಗಲ್‌ಬಾರ್ಟ್ ಕಲ್ಪಿಸಿ, 1964ರಲ್ಲಿ ಬಿಲ್ ಇಂಗ್ಲಿಷ್ ಕಟ್ಟಿಕೊಟ್ಟ ಮೊದಲ ಮೌಸ್ ಒಂದು ಮರದ ಪೆಟ್ಟಿಗೆ. ಅಡಿಯಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಗಾಲಿಗಳು. ಒಂದು ಅಡ್ಡ ಚಲನೆಯನ್ನು ಅಳೆದರೆ ಇನ್ನೊಂದು ಉದ್ದದ ಚಲನೆಯನ್ನು. ಆಮೇಲೆ ಚೆಂಡಿನ ಮೌಸ್ ಬಂತು. ಹುಬ್ಬಳ್ಳಿಯ ಧೂಳಿನಲ್ಲಿ ವಾರಕ್ಕೊಮ್ಮೆ ಆ ಚೆಂಡನ್ನು ಹೊರತೆಗೆದು, ಒಳಗಿನ ಉರುಳೆಗಳಿಗೆ ಮೆತ್ತಿದ ಜಿಡ್ಡನ್ನು ಉಗುರಿನಿಂದ ಕೆರೆದವರಿಗೆ 1999ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಬೆಳಕಿನ ಮೌಸ್ ಎಂಥ ಉಪಕಾರ ಮಾಡಿತು ಎಂದು ಹೇಳಬೇಕಾಗಿಲ್ಲ.

ಈಗಿನ ಮೌಸನ್ನು ಬೋರಲು ಹಾಕಿ ನೋಡಿ. ಹೊಟ್ಟೆಯಲ್ಲಿ ಒಂದು ಕಿಂಡಿ, ಅದರೊಳಗಿನಿಂದ ಎಲ್‌ಇಡಿ ಓರೆಯಾಗಿ ಬೆಳಕು ಚೆಲ್ಲುತ್ತದೆ. ಕೆಂಪು ಕಾಣದಿದ್ದರೆ ಬಹುಶಃ ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಬೆಳಕು ಓರೆಯೇ ಏಕಿರಬೇಕು? ಗದಗಿನ ಕಡೆಯ ಎರೆಹೊಲವನ್ನು ಉತ್ತ ಮೇಲೆ ಸಂಜೆ ನೋಡಿದವರಿಗೆ ಇದು ಗೊತ್ತು. ನಡುಹಗಲು ಸಪಾಟಾಗಿ ಕಂಡ ನೆಲದಲ್ಲಿ ಇಳಿಬಿಸಿಲಿಗೆ ಒಂದೊಂದು ಹೆಂಟೆಗೂ ನೆರಳು ಹುಟ್ಟುತ್ತದೆ. ಮೌಸ್ ಪ್ಯಾಡಿನ ನೇಯ್ಗೆಯಲ್ಲೂ ಅಂಥ ಹೆಂಟೆಗಳಿವೆ, ಅಂಥ ನೆರಳುಗಳಿವೆ. ಅವುಗಳ ಚಿತ್ರವನ್ನು ಒಂದು ಪುಟ್ಟ ಕ್ಯಾಮೆರಾ, ಅಂದರೆ ಸೆನ್ಸರ್, ತೆಗೆಯುತ್ತದೆ. ಚಿತ್ರದ ಗುಣಮಟ್ಟ ಕೇಳಿದರೆ ನಗು ಬರುತ್ತದೆ. ಗೇಮಿಂಗ್ ಮೌಸ್‌ಗಳಲ್ಲಿ ಹೆಸರು ಮಾಡಿದ ಒಂದು ಸೆನ್ಸರಿನಲ್ಲಿ ಇರುವುದು 36×36, ಅಂದರೆ 1,296 ಪಿಕ್ಸೆಲ್ ಮಾತ್ರ. ಆದರೆ ಅದು ಸೆಕೆಂಡಿಗೆ 12,000 ಚಿತ್ರಗಳವರೆಗೆ ತೆಗೆಯಬಲ್ಲದು. ಹಿಂದಿನ ಚಿತ್ರದ ನೆರಳುಗಳು ಈ ಚಿತ್ರದಲ್ಲಿ ಯಾವ ಕಡೆಗೆ, ಎಷ್ಟು ಸರಿದಿವೆ ಎಂದು ಚಿಪ್ ಹೊಂದಿಸಿ ನೋಡುತ್ತದೆ.

ಹೊಂದಿಸಬೇಕಾದರೆ ಎರಡು ಚಿತ್ರಗಳಲ್ಲೂ ಒಂದಿಷ್ಟು ನೆಲ ಸಮಾನವಾಗಿರಬೇಕು. ಕಿಂಡಿಗೆ ಕಾಣುವುದು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಗಲದ ಜಾಗ. ಶತ್ರು ಬೆನ್ನ ಹಿಂದೆ ಬಂದನೆಂದು ಹುಡುಗ ಕೈ ಬೀಸಿದ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಎನ್ನೋಣ. ಸೆಕೆಂಡಿಗೆ 1,500 ಚಿತ್ರ ತೆಗೆಯುತ್ತಿದ್ದ ಆರಂಭದ ಸೆನ್ಸರ್‌ಗಳಲ್ಲಾದರೆ ಎರಡು ಚಿತ್ರಗಳ ನಡುವೆ ನೆಲ 0.67 ಮಿಲಿಮೀಟರ್ ಜಾರಿರುತ್ತದೆ. ಹೋಲಿಸಲು ಉಳಿಯುವುದು ಮೂರನೇ ಒಂದು ಪಾಲು. ಇನ್ನೂ ಜೋರಾಗಿ ಬೀಸಿದರೆ ಅದೂ ಇಲ್ಲ. ದಾರಿ ತಪ್ಪಿದ ಕರ್ಸರ್ ಆಕಾಶ ನೋಡುತ್ತದೆ. 12,000 ಚಿತ್ರಗಳಾದರೆ ಜಾರುವುದು 0.08 ಮಿಲಿಮೀಟರ್ ಮಾತ್ರ. ಆದ್ದರಿಂದ ಡಬ್ಬಿಯ ಮೇಲೆ ಹುಡುಕಬೇಕಾದ ಅಂಕಿ, ಸಣ್ಣ ಅಕ್ಷರದಲ್ಲಿ ಅಡಗಿರುವ ಐಪಿಎಸ್. ಸೆಕೆಂಡಿಗೆ ಎಷ್ಟು ಇಂಚು ವೇಗದವರೆಗೆ ಎಣಿಕೆ ತಪ್ಪದು ಎಂಬುದರ ಲೆಕ್ಕ ಅದು. 250 ಇದ್ದರೆ ಸೆಕೆಂಡಿಗೆ ಆರು ಮೀಟರಿಗೂ ಮೀರಿದ ವೇಗ. ಅಷ್ಟು ಜೋರಾಗಿ ಕೈ ಬೀಸುವವನು ಮೊದಲು ಮೇಜಿನ ಮೇಲಿನ ಚಹಾ ಲೋಟವನ್ನು ಆಚೆ ಇಡುವುದು ಒಳ್ಳೆಯದು.

ಇನ್ನು ಆ ದೊಡ್ಡ ಅಕ್ಷರದ ಡಿಪಿಐ. ಒಂದು ಇಂಚು ಸರಿದರೆ ಎಷ್ಟು ಎಣಿಕೆ ಎಂಬುದೇ ಇದರ ಅರ್ಥ. 800 ಇದ್ದರೆ, ಒಂದು ಎಣಿಕೆಗೆ ಒಂದು ಪಿಕ್ಸೆಲ್‌ನಂತೆ, 1,920 ಪಿಕ್ಸೆಲ್ ಅಗಲದ ಪರದೆಯನ್ನು ದಾಟಲು ಕೈ ಆರು ಸೆಂಟಿಮೀಟರ್ ಸರಿಯಬೇಕು. 25,600 ಇಟ್ಟರೆ ಎರಡು ಮಿಲಿಮೀಟರ್ ಕೂಡ ಬೇಡ, ಸೀನಿದರೂ ಕರ್ಸರ್ ಪರದೆಯ ಅಂಚಿಗೆ ಬಡಿಯುತ್ತದೆ. ಅಲ್ಲಿ ಒಂದು ಎಣಿಕೆ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ; ತಲೆಗೂದಲು ಅದರ ಹತ್ತಾರು ಪಟ್ಟು ದಪ್ಪ. 36 ಪಿಕ್ಸೆಲ್‌ಗಳ ಸಾಲಿನಿಂದ ಇಷ್ಟು ಸೂಕ್ಷ್ಮ ಎಣಿಕೆ ಎಲ್ಲಿಂದ ಬಂತು? ಎರಡು ಪಿಕ್ಸೆಲ್‌ಗಳ ನಡುವಿನ ಜಾಗವನ್ನು ಚಿಪ್ ಲೆಕ್ಕ ಹಾಕಿ ಸೀಳುತ್ತದೆ. ಒಂದು ಹದದವರೆಗೆ ಅದು ಜಾಣತನ. ಆಚೆಗೆ ಹೋದರೆ ಕೈಯ ನಡುಕವೂ ಸೆನ್ಸರಿನ ಗದ್ದಲವೂ ಎಣಿಕೆಗೆ ಸೇರಿಕೊಳ್ಳುತ್ತವೆ. ಗುಂಡಿನ ಆಟವನ್ನೇ ಕಸುಬು ಮಾಡಿಕೊಂಡವರಲ್ಲಿ ಬಹಳ ಮಂದಿ 400, 800, 1,600ರಲ್ಲೇ ಆಡುತ್ತಾರೆ ಎಂದು ಹುಡುಗನಿಗೆ ಹೇಳಿದಾಗ ಅವನು ಮೊಬೈಲ್ ತೆಗೆದು ಹುಡುಕಿ, ಸುಮ್ಮನಾದ.

ಅಂಗಡಿಯಾತ ಸೋಲಲಿಲ್ಲ, "8,000 ಹರ್ಟ್ಜ್ ಇದೆ ಸರ್" ಎಂದ. ಮೌಸ್ ತನ್ನ ಎಣಿಕೆಯನ್ನು ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಒಪ್ಪಿಸುತ್ತದೆ ಎಂಬ ಲೆಕ್ಕವಿದು. 125 ಇದ್ದರೆ ಎಂಟು ಮಿಲಿಸೆಕೆಂಡಿಗೊಮ್ಮೆ, 1,000 ಇದ್ದರೆ ಒಂದು ಮಿಲಿಸೆಕೆಂಡಿಗೊಮ್ಮೆ. ಇಷ್ಟು ಬದಲಾವಣೆ ಬೇಕಾದದ್ದೇ. ಆದರೆ ನಮ್ಮ ಮನೆಯ 60 ಹರ್ಟ್ಜ್ ಪರದೆ ಹೊಸ ಚಿತ್ರ ತೋರಿಸುವುದೇ 16.7 ಮಿಲಿಸೆಕೆಂಡಿಗೊಮ್ಮೆ, ಕಂಡದ್ದಕ್ಕೆ ಬೆರಳು ಅಲುಗಲು ಮನುಷ್ಯನಿಗೆ 200 ಮಿಲಿಸೆಕೆಂಡಿನ ಆಸುಪಾಸು ಬೇಕು. 8,000ಕ್ಕೆ ಕೊಡುವ ಹಣದಲ್ಲಿ ಪೇಡೆ ಕೊಳ್ಳಬಹುದು.

ನನ್ನ ಕಚೇರಿಯ ಮೌಸ್ ಸತ್ತದ್ದು ಸೆನ್ಸರಿನಿಂದಲ್ಲ, ಗುಂಡಿಯಿಂದ. ಒಳಗಿನ ಲೋಹದ ಎಲೆ ಒತ್ತಿದಾಗಲೆಲ್ಲ ಒಂದೆರಡು ಸಲ ಪುಟಿಯುತ್ತದೆ. ಆ ಪುಟಿತ ನಿಲ್ಲುವವರೆಗೆ ಚಿಪ್ ತುಸು ಕಾದು, ಎಲ್ಲ ಸೇರಿ ಒಂದೇ ಕ್ಲಿಕ್ ಎಂದು ಲೆಕ್ಕ ಹಿಡಿಯುತ್ತದೆ. ಸವೆದ ಎಲೆ ಅದಕ್ಕಿಂತ ಹೆಚ್ಚು ಹೊತ್ತು ಪುಟಿದರೆ ಒಂದು ಕ್ಲಿಕ್ ಎರಡಾಗುತ್ತದೆ. ಬೆಳಕಿನ ಕಿರಣವನ್ನು ತಡೆದು ಕ್ಲಿಕ್ ಗುರುತಿಸುವ ಸ್ವಿಚ್‌ಗಳಲ್ಲಿ ಈ ಕಾಟವಿಲ್ಲ. ಹೆಚ್ಚುವರಿ ಹಣ ಕೊಡುವುದಾದರೆ ನಾನು ಇದಕ್ಕೆ ಕೊಡುವೆ.

ಉಳಿದದ್ದು ಚಪ್ಪಲಿ ಕೊಳ್ಳುವ ವಿಷಯ, ಹಾಕಿ ನೋಡಿಯೇ ಕೊಳ್ಳಬೇಕು. ಪೂರ್ತಿ ಅಂಗೈ ಊರಿ ಹಿಡಿಯುವವನಿಗೆ ಬೆನ್ನು ಉಬ್ಬಿದ ಮೌಸ್ ಬೇಕು, ಬೆರಳ ತುದಿಯಲ್ಲಿ ಆಡಿಸುವವನಿಗೆ ಚಿಕ್ಕದು, ಹಗುರವಾದದ್ದು. ಹುಡುಗ ಡಬ್ಬಿ ಬಿಚ್ಚಿಸಿ ಮೂರನ್ನೂ ಹಿಡಿದು ನೋಡಿ, ಕೊನೆಗೆ ಮೊದಲನೆಯದನ್ನೇ ಎತ್ತಿಕೊಂಡ.

ಮನೆಗೆ ಬಂದು ಜೋಡಿಸಿದರೆ ಹೊಸದೂ ಜಿಗಿಯಿತು! ಆಗ ಅವನ ಮೇಜು ನೋಡಿದೆ. ಮೇಲೆ ದಪ್ಪ ಗಾಜು. ಗಾಜಿನಲ್ಲಿ ಹೆಂಟೆಯೂ ಇಲ್ಲ, ನೆರಳೂ ಇಲ್ಲ. ಬೆಳಕು ತೂರಿಹೋದ ಮೇಲೆ ಕ್ಯಾಮೆರಾ ಯಾವುದನ್ನು ಎಣಿಸಬೇಕು? ಒಂದು ತಿಂಗಳು ಬೈಸಿಕೊಂಡ ಹಳೆಯ ಮೌಸ್ ನಿರಪರಾಧಿ. ಸಂಜೆ ಹೋಗಿ ಒಂದು ಬಟ್ಟೆಯ ಮೌಸ್ ಪ್ಯಾಡ್ ತಂದೆವು. ಅವ್ವ ಅದನ್ನು ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು, ನೇಯ್ಗೆಯ ಮೇಲೆ ಉಗುರು ಆಡಿಸಿ ಹೇಳಿದಳು: "ಎಳೆ ಒತ್ತಾಗಿವೆ. ನನಗೆ ಎಣಿಸಲು ಆಗುವುದಿಲ್ಲಪ್ಪ."