ಲಿನಕ್ಸ್ ಪಾಲು ಶೇ 16 ಎಂದರೆ ಆರರಲ್ಲೊಂದು ಕಂಪ್ಯೂಟರ್ ಎಂದು ಅರ್ಥವೇ?

ಪ್ರಶ್ನೆ: ಭಾರತದ ಡೆಸ್ಕ್‌ಟಾಪ್‌ಗಳಲ್ಲಿ ವಿಂಡೋಸ್‌ನಂಥದೇ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಪಾಲು ಶೇ 16ಕ್ಕೆ ಏರಿತ್ತು ಎಂದು ಓದಿದೆ. ನಮ್ಮ ಕಚೇರಿ, ನೆಂಟರ ಮನೆ, ಮೂಲೆಯ ಜೆರಾಕ್ಸ್ ಅಂಗಡಿ, ಎಲ್ಲಿ ನೋಡಿದರೂ ವಿಂಡೋಸ್ ಇದೆ. ಆ ಆರನೆಯ ಕಂಪ್ಯೂಟರ್ ಎಲ್ಲಿದೆ?

ಉತ್ತರ: ಎಲ್ಲಿಯೂ ಇಲ್ಲದಿರಬಹುದು. ಈ ಪ್ರಶ್ನೆ ನನಗೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಲಿನಕ್ಸ್ ಅಭಿಮಾನಿಗಳು ಸಂಭ್ರಮದಿಂದ ಕೇಳುತ್ತಾರೆ, ಉಳಿದವರು ಗೇಲಿಯಿಂದ. ಯಾರೋ ದೇಶದ ಕಂಪ್ಯೂಟರ್‌ಗಳನ್ನೆಲ್ಲ ಎಣಿಸಿ ಪಟ್ಟಿ ಮಾಡಿದ್ದಾರೆ ಎಂಬ ನಂಬಿಕೆ ಮಾತ್ರ ಇಬ್ಬರಲ್ಲೂ ಇದೆ. 2011ರ ಜನಗಣತಿಯವರು ಮನೆಯಲ್ಲಿ ಕಂಪ್ಯೂಟರ್ ಇದೆಯೇ ಎಂದು ಕೇಳಿದ್ದರು. ಅದರಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆ ಎಂದು ಕೇಳಲಿಲ್ಲ.

ನೀವು ಓದಿದ ಅಂಕಿ 2024ರ ಮಧ್ಯಭಾಗದ್ದು, ಐರ್ಲೆಂಡ್‌ನ ಸ್ಟಾಟ್‌ಕೌಂಟರ್ ಸಂಸ್ಥೆಯದು. ಲಕ್ಷಾಂತರ ಜಾಲತಾಣಗಳಲ್ಲಿ ಅದರ ಚಿಕ್ಕದೊಂದು ಕೋಡ್ ಇರುತ್ತದೆ. ಯಾರಾದರೂ ಅಲ್ಲಿ ಒಂದು ಪುಟ ತೆರೆದರೆ ಒಂದು ಎಣಿಕೆ ಆಗುತ್ತದೆ. ಅದೇ ವ್ಯಕ್ತಿ ಇನ್ನೊಂದು ಪುಟ ತೆರೆದರೆ ಮತ್ತೊಂದು. ದಯವಿಟ್ಟು ಇದನ್ನು ಎರಡು ಸಲ ಓದಿ. ಇಲ್ಲಿ ಎಣಿಕೆಯಾಗುವುದು ಪುಟಗಳು. ಟೋಲ್ ಗೇಟಿನಲ್ಲಿ ಕುಳಿತು ವಾಹನಗಳನ್ನು ಲೆಕ್ಕ ಹಾಕಿದ ಹಾಗೆ ಇದು: ದಿನಕ್ಕೆ ಹತ್ತು ಸಲ ಓಡಾಡುವ ಟ್ಯಾಕ್ಸಿ ಹತ್ತು ವಾಹನವಾಗುತ್ತದೆ, ಶೆಡ್ಡಿನಲ್ಲೇ ನಿಂತ ಕಾರು ಲೆಕ್ಕಕ್ಕೇ ಬರುವುದಿಲ್ಲ. ದಿನವಿಡೀ ಟ್ಯಾಲಿಯಲ್ಲಿ ಬಿಲ್ ಬರೆಯುವ ದಿನಸಿ ಅಂಗಡಿಯ ಕಂಪ್ಯೂಟರ್ ಸ್ಟಾಟ್‌ಕೌಂಟರ್ ಪಾಲಿಗೆ ಇಲ್ಲವೇ ಇಲ್ಲ. ಇನ್ನೂರು ಪುಟ ತಿರುವಿ ಹಾಕುವ ಬೆಂಗಳೂರಿನ ಪ್ರೋಗ್ರಾಮರ್, ಐದು ಪುಟ ನೋಡುವ ನಿವೃತ್ತ ಮೇಷ್ಟರಿಗಿಂತ ನಲವತ್ತು ಪಟ್ಟು ದೊಡ್ಡವನಾಗುತ್ತಾನೆ. ಆ ಪ್ರೋಗ್ರಾಮರ್ ಜಾಹೀರಾತು ತಡೆಯುವ ವಿಸ್ತರಣೆ ಹಾಕಿಕೊಂಡಿದ್ದರೆ, ಎಣಿಸುವ ಕೋಡ್ ಕೂಡ ಸಾಮಾನ್ಯವಾಗಿ ತಡೆಗೆ ಸಿಕ್ಕಿ ಅವನೂ ಮಾಯವಾಗುತ್ತಾನೆ.

ಇನ್ನೊಂದು ವಿಷಯವಿದೆ. ವಿಂಡೋಸ್ ಬಳಸುತ್ತಿದ್ದ ಜನ ಸುದ್ದಿ ಓದುವುದನ್ನು ಫೋನಿಗೆ ವರ್ಗಾಯಿಸಿಬಿಟ್ಟರು ಎಂದಿಟ್ಟುಕೊಳ್ಳಿ. ಒಬ್ಬನೇ ಒಬ್ಬ ಹೊಸದಾಗಿ ಲಿನಕ್ಸ್ ಹಾಕಿಕೊಳ್ಳದಿದ್ದರೂ ಡೆಸ್ಕ್‌ಟಾಪ್ ಪಟ್ಟಿಯಲ್ಲಿ ಲಿನಕ್ಸ್ ಶೇಕಡಾವಾರು ಏರುತ್ತದೆ. ಛೇದ ಕುಗ್ಗಿದರೆ ಭಿನ್ನರಾಶಿ ಹಿಗ್ಗುತ್ತದೆ. ಏಳನೆಯ ತರಗತಿಯ ಗಣಿತ ಸ್ವಾಮಿ, ಇದಕ್ಕೆ ಕ್ರಾಂತಿ ಎಂದು ಹೆಸರಿಡಬೇಡಿ.

ಎಣಿಸುವ ರೀತಿ ಬದಲಾದರೆ ಗೆದ್ದವರೇ ಬದಲಾಗುತ್ತಾರೆ. 2012ರ ಮೇ ತಿಂಗಳಲ್ಲಿ ಬ್ರೌಸರ್‌ಗಳ ವಿಷಯದಲ್ಲಿ ಹೀಗೇ ಆಯಿತು. ಕ್ರೋಮ್ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಹಿಂದಿಕ್ಕಿತು ಎಂದು ಸ್ಟಾಟ್‌ಕೌಂಟರ್ ಹೇಳಿತು. ಅದೇ ತಿಂಗಳು ನೆಟ್ ಅಪ್ಲಿಕೇಶನ್ಸ್ ಎಂಬ ಅಮೆರಿಕದ ಸಂಸ್ಥೆಯ ಲೆಕ್ಕದಲ್ಲಿ ಎಕ್ಸ್‌ಪ್ಲೋರರ್ ಅರ್ಧಕ್ಕಿಂತ ಹೆಚ್ಚು ಪಾಲಿನೊಂದಿಗೆ ಗಟ್ಟಿಯಾಗಿ ಕುಳಿತಿತ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಮೊದಲನೆಯವರು ಪುಟಗಳನ್ನು ಎಣಿಸಿದ್ದರು. ಎರಡನೆಯವರು ಸಂದರ್ಶಕರನ್ನು ಎಣಿಸಿ, ಪ್ರತಿ ದೇಶದ ಇಂಟರ್ನೆಟ್ ಬಳಕೆದಾರರ ಸಂಖ್ಯೆಗೆ ತಕ್ಕಂತೆ ತೂಕ ಕೊಟ್ಟಿದ್ದರು.

ಹಾಗಾದರೆ ಮಾರಾಟದ ಲೆಕ್ಕವನ್ನೇ ನಂಬೋಣ ಎನ್ನುತ್ತೀರಾ? ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಒಮ್ಮೆ ಹೋಗಿ ಬನ್ನಿ. ಕಡಿಮೆ ಬೆಲೆಗೆ ಸಿಗುತ್ತದೆಂದು ಉಬುಂಟು ಎಂಬ ಲಿನಕ್ಸ್ ಇರುವ ಲ್ಯಾಪ್‌ಟಾಪ್ ಕೊಂಡು, ಮನೆ ಸೇರುವ ಮೊದಲೇ ಅದಕ್ಕೆ ವಿಂಡೋಸ್ ಹಾಕಿಸಿಕೊಳ್ಳುವವರ ಪರಿಚಯ ನಿಮಗೂ ಇರುತ್ತದೆ. ಕಾರ್ಖಾನೆಯಿಂದ ಅದು ಲಿನಕ್ಸ್ ಯಂತ್ರವಾಗಿಯೇ ಹೊರಟಿದ್ದು!

ಇಷ್ಟರ ಮೇಲೆ, ಯಾರೂ ಕೇಳದ ಪ್ರಶ್ನೆಯೊಂದಿದೆ: ಯಂತ್ರ ಯಾವುದೆಂದು ಜಾಲತಾಣಕ್ಕೆ ತಿಳಿಯುವುದು ಹೇಗೆ? ಬ್ರೌಸರ್ ತಾನೇ ಹೇಳಿಕೊಳ್ಳುತ್ತದೆ, ಅಷ್ಟೇ. ಪ್ರತಿ ಪುಟ ಕೇಳುವಾಗಲೂ ಅದು ಯೂಸರ್ ಏಜೆಂಟ್ ಎಂಬ ಒಂದು ಸಾಲು ಕಳುಹಿಸುತ್ತದೆ, ಮತ್ತು ಆ ಸಾಲು ಸಂಕೋಚವಿಲ್ಲದೆ ಸುಳ್ಳು ಹೇಳುತ್ತದೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಒತ್ತಿದರೆ ನಿಮ್ಮ ಫೋನು ತಾನು ಲಿನಕ್ಸ್ ಕಂಪ್ಯೂಟರ್ ಎನ್ನುತ್ತದೆ. 2019ರಿಂದ ಐಪ್ಯಾಡ್‌ನ ಸಫಾರಿ ತನ್ನನ್ನು ಮ್ಯಾಕ್ ಎಂದು ಕರೆದುಕೊಳ್ಳುತ್ತಿದೆ. ವಿಂಡೋಸ್ 11 ಇರುವ ಯಂತ್ರದಲ್ಲೂ ಆ ಸಾಲು ವಿಂಡೋಸ್ 10 ಎಂದೇ ಹೇಳುತ್ತದೆ. ವ್ಯತ್ಯಾಸ ತಿಳಿಯಲು ಕ್ರೋಮ್, ಎಡ್ಜ್‌ಗಳನ್ನು ಬೇರೆ ದಾರಿಯಲ್ಲಿ ವಿಚಾರಿಸಬೇಕು, ಫೈರ್‌ಫಾಕ್ಸ್ ಆ ದಾರಿಯಲ್ಲೂ ಬಾಯಿ ಬಿಡುವುದಿಲ್ಲ. ನೆಟ್ ಅಪ್ಲಿಕೇಶನ್ಸ್ 2020ರಲ್ಲಿ ತನ್ನ ಎಣಿಕೆಯನ್ನು ನಿಲ್ಲಿಸಿದ್ದೂ ಈ ಸಾಲಿನಲ್ಲಿ ಆಗಲಿದ್ದ ಬದಲಾವಣೆಗಳ ಕಾರಣಕ್ಕೇ.

ಈ ಚಾಳಿ ಹೊಸದಲ್ಲ. 1990ರ ದಶಕದಲ್ಲಿ ನೆಟ್‌ಸ್ಕೇಪ್ ಬ್ರೌಸರ್ ತನ್ನನ್ನು ಮೊಜಿಲ್ಲಾ ಎಂದು ಪರಿಚಯಿಸಿಕೊಳ್ಳುತ್ತಿತ್ತು. ಆ ಹೆಸರು ಹೇಳಿದವರಿಗೆ ಮಾತ್ರ ಕೆಲವು ಜಾಲತಾಣಗಳು ಚೆಂದದ ಪುಟ ಕೊಡುತ್ತಿದ್ದವು. ಅದನ್ನು ಕಂಡ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಪ್ಲೋರರ್‌ಗೂ ಮೊಜಿಲ್ಲಾ ಎನ್ನಲು ಕಲಿಸಿತು. ಆಮೇಲೆ ಬಂದವರಲ್ಲಿ ಬಹುತೇಕರು ಅದೇ ಹಾದಿ ಹಿಡಿದರು. ಇವತ್ತು ಕ್ರೋಮ್‌ನ ಸಾಲಿನಲ್ಲಿ ಮೊಜಿಲ್ಲಾ, ಸಫಾರಿ ಹೆಸರುಗಳಿವೆ. ಎಡ್ಜ್‌ನ ಸಾಲಿನಲ್ಲಿ ಮೊಜಿಲ್ಲಾ, ಕ್ರೋಮ್, ಸಫಾರಿ ಮೂರೂ ಇದ್ದು, ಅದರ ಸ್ವಂತ ಹೆಸರು ಕಟ್ಟಕಡೆಗೆ ಬರುತ್ತದೆ.